ಕಡಿಮೆ ವೇಗದಲ್ಲಿ ಕಾರಿನ ಎಚ್ಚರಿಕೆಯ ಸದ್ದು ಕ್ಷೀಣಿಸಿದೆ, ಆದರೆ ಡ್ಯಾಶ್‌ಬೋರ್ಡಿನಲ್ಲಿ ಯಾವ ಸೂಚನೆಯೂ ಇಲ್ಲ

ಗುಮ್ಮಟದೂರು (ವಿಜಯಪುರ):

ಎಲ್ಲರಿಗೂ ನಮಸ್ಕಾರ. ನನ್ನ ಎಲೆಕ್ಟ್ರಿಕ್ ಕಾರು ನಿಧಾನವಾಗಿ ಚಲಿಸುವಾಗ ಪಾದಚಾರಿಗಳನ್ನು ಎಚ್ಚರಿಸಲೆಂದು ಮುಂಭಾಗದಿಂದ ಹೊರಡುತ್ತಿದ್ದ ಗುಂಯ್ ಎನ್ನುವ ಸದ್ದು ಈ ಮಳೆಗಾಲದ ನಂತರ ಬಹಳ ಕುಗ್ಗಿದೆ. ಕೇಳಿಸಿದಾಗಲೂ ಅದು ಹರಿದ ಹಲಗೆಯನ್ನು ಬಾರಿಸಿದಂತೆ ಒಡೆದು ಕೇಳಿಸುತ್ತದೆ. ಗಾಂಧಿ ಚೌಕದ ಸುತ್ತ ರಸ್ತೆಯ ಮೇಲೆಯೇ ನಡೆದು ಹೋಗುವವರಿಗೆ ಕಾರು ಬೆನ್ನ ಹಿಂದೆ ಬಂದು ನಿಂತರೂ ತಿಳಿಯುವುದಿಲ್ಲ. ಹಾರ್ನ್ ಹೊಡೆದರೆ ಬೆಚ್ಚಿಬಿದ್ದು ಬೈಯುತ್ತಾರೆ. ಸರ್ವಿಸ್ ಸೆಂಟರಿನವರು ಕಂಪ್ಯೂಟರ್ ಜೋಡಿಸಿ ನೋಡಿ, ದೋಷದ ಕೋಡ್ ಯಾವುದೂ ಇಲ್ಲವಾದ್ದರಿಂದ ಎಲ್ಲವೂ ಸರಿಯಿದೆ ಎಂದು ಹೇಳಿ ಕಳುಹಿಸಿದರು. ಗೂಡ್ಸ್ ಗಾಡಿಗಳಿಗೆ ಹಾಕುವ ರಿವರ್ಸ್ ಮ್ಯೂಸಿಕ್ಕನ್ನೇ ಮುಂದೆ ಜೋಡಿಸಿಬಿಡಿ ಎಂಬುದು ಪರಿಚಿತರೊಬ್ಬರ ಸಲಹೆ. ಬಲ್ಲವರು ದಯವಿಟ್ಟು ದಾರಿ ತೋರಿಸಬೇಕು.

ನವನಗರ ನಿವಾಸಿ (ಬಾಗಲಕೋಟೆ):

ನನ್ನ ಕಾರಿನಲ್ಲಿ ಇಂಥ ಸದ್ದು ಮೊದಲಿನಿಂದಲೂ ಇಲ್ಲ. ನಿಮ್ಮ ಮಾದರಿಯಲ್ಲಿ ಈ ಸೌಲಭ್ಯವಿದೆಯೇ, ಅದನ್ನು ನಿಲ್ಲಿಸುವ ಗುಂಡಿಯನ್ನು ಯಾರಾದರೂ ಒತ್ತಿದ್ದಾರೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು.

ಕುಂದಾನಗರಿ ವೈರಿಂಗ್ (ಬೆಳಗಾವಿ):

ಗುಂಡಿ ಒತ್ತಿದ್ದರೆ ಸದ್ದು ಪೂರ್ತಿ ನಿಲ್ಲುತ್ತಿತ್ತೇ ಹೊರತು ಒಡೆಯುತ್ತಿರಲಿಲ್ಲ. ಆದ್ದರಿಂದ ಇಲ್ಲಿ ಆ ಅನುಮಾನವನ್ನು ಬಿಟ್ಟು ಮುಂದೆ ಹೋಗಬಹುದು. ನವನಗರದವರ ಕಾರಿನಲ್ಲಿ ಸದ್ದು ಇಲ್ಲದಿರುವುದು ಆಶ್ಚರ್ಯವಲ್ಲ. ಯುರೋಪಿನಲ್ಲಿ 2021ರ ಜುಲೈನಿಂದ ಎಲ್ಲ ಹೊಸ ಎಲೆಕ್ಟ್ರಿಕ್ ಮತ್ತು ಹೈಬ್ರಿಡ್ ಕಾರುಗಳಿಗೂ ಇದು ಕಡ್ಡಾಯವಾಗಿದೆ. ನಮ್ಮಲ್ಲಿ ಕೇಂದ್ರ ಸಾರಿಗೆ ಸಚಿವಾಲಯವು 2025ರ ಸೆಪ್ಟೆಂಬರಿನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಹೊಸ ಮಾದರಿಗಳಿಗೆ 2026ರ ಅಕ್ಟೋಬರ್ 1ರಿಂದ, ಈಗಾಗಲೇ ತಯಾರಾಗುತ್ತಿರುವ ಮಾದರಿಗಳಿಗೆ 2027ರ ಅಕ್ಟೋಬರ್ 1ರಿಂದ ಕಡ್ಡಾಯಗೊಳಿಸುವ ಪ್ರಸ್ತಾವವನ್ನು ಇಟ್ಟಿತು.

ಗುಮ್ಮಟದೂರು ಅವರೇ, ದೋಷದ ಕೋಡ್ ಇಲ್ಲ ಎಂಬ ಮಾತನ್ನು ಎಲ್ಲವೂ ಸರಿಯಿದೆ ಎಂದು ತಿಳಿಯಬೇಕಾಗಿಲ್ಲ. ಸದ್ದನ್ನು ಹುಟ್ಟಿಸುವ ಘಟಕವು ಸಾಮಾನ್ಯವಾಗಿ ಸ್ಪೀಕರಿನ ತಂತಿ ಕಡಿದಿದೆಯೇ, ಶಾರ್ಟ್ ಆಗಿದೆಯೇ ಎಂಬುದನ್ನಷ್ಟೇ ಪರೀಕ್ಷಿಸುತ್ತದೆ. ಅದಕ್ಕೆ ಕಿವಿಯಿಲ್ಲ. ಸ್ಪೀಕರಿನ ಬಾಯಿಗೆ ಮಣ್ಣು ಮೆತ್ತಿದ್ದರೂ, ಒಳಗಿನ ಪೊರೆ ಹರಿದಿದ್ದರೂ, ಸುರುಳಿಯಲ್ಲಿ ವಿದ್ಯುತ್ ಹರಿಯುತ್ತಿರುವವರೆಗೆ ಅದರ ಲೆಕ್ಕದಲ್ಲಿ ದೋಷವೇ ಇಲ್ಲ. ಹಾಗಾಗಿ ಈ ತೊಂದರೆಯನ್ನು ಕಂಪ್ಯೂಟರಿನಲ್ಲಿ ಹುಡುಕುವುದಕ್ಕಿಂತ ಬಂಪರಿನ ಕೆಳಗೆ ಬಗ್ಗಿ ಹುಡುಕುವುದೇ ಮೇಲು.

ಅದಕ್ಕೂ ಮೊದಲು ಒಂದು ಪರೀಕ್ಷೆ ಮಾಡಿ. ಬೆಳಗಿನ ಜಾವ, ವಾಹನ ಸಂಚಾರ ಶುರುವಾಗುವ ಮುನ್ನ, ಸಮತಟ್ಟಾದ ಜಾಗದಲ್ಲಿ ಒಬ್ಬರನ್ನು ಕಾರಿನ ಹಾದಿಯಿಂದ ಎರಡು ಮೀಟರ್ ಪಕ್ಕಕ್ಕೆ ನಿಲ್ಲಿಸಿ ಗಂಟೆಗೆ 10 ಕಿ.ಮೀ. ವೇಗದಲ್ಲಿ ಮುಂದೆ ಹಾಯಿಸಿ, ಬಳಿಕ ಅವರು ಪಕ್ಕದಲ್ಲಿಯೇ ಇರುವಂತೆ ನೋಡಿಕೊಂಡು ನಿಧಾನವಾಗಿ ರಿವರ್ಸ್ ತೆಗೆಯಿರಿ. ಕಿಟಕಿ ಏರಿಸಿ ಒಳಗೆ ಕುಳಿತು ಕೇಳುವುದರಿಂದ ಏನೂ ತಿಳಿಯುವುದಿಲ್ಲ. ಎರಡೂ ಕಡೆಗೆ ಚಲಿಸುವಾಗ ಸದ್ದು ಒಡೆದಿದ್ದರೆ ತೊಂದರೆ ಸ್ಪೀಕರಿನದು. ಒಂದು ಕಡೆಗೆ ಮಾತ್ರ ಪೂರ್ತಿ ಮಾಯವಾಗಿದ್ದರೆ ವೇಗದ ಅಥವಾ ಗೇರಿನ ಸಂಕೇತ ಘಟಕಕ್ಕೆ ತಲುಪುತ್ತಿಲ್ಲವೆಂದು ಶಂಕಿಸಬೇಕು. ಅದು ಮನೆಯಂಗಳದಲ್ಲಿ ಮುಗಿಯುವ ಕೆಲಸವಲ್ಲ. ವೇಗ 20 ಕಿ.ಮೀ. ದಾಟುತ್ತಲೇ ಸದ್ದು ನಿಂತರೆ ಅದನ್ನು ದೋಷವೆನ್ನಲಾಗದು, ಏಕೆಂದರೆ ಅಲ್ಲಿಂದ ಮುಂದೆ ಟೈರುಗಳ ಸದ್ದೇ ಸಾಕೆಂಬುದು ವಿಶ್ವಸಂಸ್ಥೆಯ 138ನೆಯ ನಿಯಮದ ಎಣಿಕೆ.

ಅದೇ ನಿಯಮದಂತೆ ಸದ್ದು 10 ಕಿ.ಮೀ. ವೇಗದಲ್ಲಿ ಕನಿಷ್ಠ 50 ಡೆಸಿಬೆಲ್, 20 ಕಿ.ಮೀ. ವೇಗದಲ್ಲಿ 56, ರಿವರ್ಸಿನಲ್ಲಿ 47 ಇರಬೇಕು. ಮೊಬೈಲಿನ ಡೆಸಿಬೆಲ್ ಆ್ಯಪ್ ತೋರಿಸುವ ಅಂಕಿಯನ್ನು ಇದರೊಂದಿಗೆ ನೇರವಾಗಿ ಹೋಲಿಸಬೇಡಿ. ನಿಮ್ಮದೇ ಮಾದರಿಯ ಇನ್ನೊಂದು ಕಾರನ್ನು ಅದೇ ಜಾಗದಲ್ಲಿ ಅದೇ ಮೊಬೈಲಿನಿಂದ ಅಳೆದು ನೋಡಿದರೆ ಮಾತ್ರ ಆ ಅಂಕಿಗೆ ಬೆಲೆ. ಗಾಂಧಿ ಚೌಕದಲ್ಲಿ ನಿಂತು ಅಳೆದರೆ ಸಿಗುವುದು ಆಟೋಗಳ ಸದ್ದಿನ ಲೆಕ್ಕ.

ಸ್ಪೀಕರ್ ಬಹುತೇಕ ಮಾದರಿಗಳಲ್ಲಿ ಮುಂದಿನ ಬಂಪರಿನ ಹಿಂದೆ ಇರುತ್ತದೆ. ನಿಮ್ಮ ಭಾಗದ ಎರೆಮಣ್ಣು ಹಸಿಯಿದ್ದಾಗ ಹಿಗ್ಗಿ ಜಾಲರಿಯ ತೂತುಗಳಲ್ಲಿ ಸೇರಿಕೊಳ್ಳುತ್ತದೆ, ಒಣಗಿದ ಮೇಲೆ ಅಲ್ಲಿಯೇ ಗಟ್ಟಿಯಾಗಿ ಕೂರುತ್ತದೆ. ಕಾರನ್ನು ಪೂರ್ತಿ ಆಫ್ ಮಾಡಿ, ಒದ್ದೆ ಬಟ್ಟೆಯಿಂದ ಅದನ್ನು ನೆನೆಸಿ, ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ಸ್ಕ್ರೂಡ್ರೈವರಿನಿಂದ ಚುಚ್ಚಬೇಡಿ, ವಾಟರ್ ಸರ್ವಿಸಿನ ಪ್ರೆಶರ್ ಪೈಪನ್ನಂತೂ ಅತ್ತ ತಿರುಗಿಸಲೇಬೇಡಿ, ಅರ್ಧಕ್ಕರ್ಧ ಸ್ಪೀಕರುಗಳು ಕೆಡುವುದೇ ಅದರಿಂದ ಎಂಬುದು ನನ್ನ ಗುಮಾನಿ. ಕನೆಕ್ಟರಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂಬುದನ್ನೂ ನೋಡಿ. ಈ ಸ್ಪೀಕರ್ 12 ವೋಲ್ಟಿನ ವ್ಯವಸ್ಥೆಗೆ ಸೇರಿದ್ದು; ಹತ್ತಿರದಲ್ಲಿ ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಅದರ ತಂಟೆಗೆ ಹೋಗಬೇಡಿ, ಅದರಲ್ಲಿ ಹರಿಯುವುದು ಜೀವ ತೆಗೆಯುವ ವೋಲ್ಟೇಜು.

ರಿವರ್ಸ್ ಮ್ಯೂಸಿಕ್ ಬೇಡ. ಕಾರಿನ ವೇಗ ಏರಿದಂತೆ ಈ ಸದ್ದಿನ ಸ್ಥಾಯಿಯೂ ಏರುತ್ತದೆ; ಗಂಟೆಗೆ ಒಂದು ಕಿ.ಮೀ. ವೇಗಕ್ಕೆ ಸರಾಸರಿ ಕನಿಷ್ಠ 0.8 ಶೇಕಡದಷ್ಟು ಬದಲಾವಣೆ ಇರಬೇಕೆಂದು ನಿಯಮವೇ ಹೇಳುತ್ತದೆ. ಕಣ್ಣು ಕಾಣದವರು ರಸ್ತೆಯ ಅಂಚಿನಲ್ಲಿ ನಿಂತು, ಬರುತ್ತಿರುವ ಕಾರು ನಿಧಾನಿಸುತ್ತಿದೆಯೋ ವೇಗ ಹೆಚ್ಚಿಸುತ್ತಿದೆಯೋ ಎಂಬುದನ್ನು ತಿಳಿಯುವುದು ಈ ಏರಿಳಿತದಿಂದ. ಒಂದೇ ರಾಗವನ್ನು ಸುತ್ತಿ ಸುತ್ತಿ ನುಡಿಸುವ ಪೆಟ್ಟಿಗೆಯಿಂದ ಈ ಸುಳಿವು ಸಿಗುವುದಿಲ್ಲ. ಮೇಲಾಗಿ, ಬಗೆಬಗೆಯ ಸ್ವರ ಹೊರಡಿಸುವ ಹಾರ್ನುಗಳನ್ನು ಕೇಂದ್ರ ಮೋಟಾರು ವಾಹನ ನಿಯಮಗಳ 119ನೆಯ ನಿಯಮ ನಿಷೇಧಿಸಿದೆ. ಸಂಚಾರ ಪೊಲೀಸರು ನಿಮ್ಮ ಮ್ಯೂಸಿಕ್ಕನ್ನೂ ಅದೇ ಸಾಲಿಗೆ ಸೇರಿಸಿದರೆ ವಾದಿಸುವುದು ಕಷ್ಟ. ವೈರಿಂಗಿಗೆ ಕೈ ಹಾಕಿದರೆ ವಾರಂಟಿಯೂ ಹೋಗಬಹುದು.

ಗುಮ್ಮಟದೂರು:

ನೀವು ಹೇಳಿದಂತೆ ಪರೀಕ್ಷಿಸಿದೆ. ಮುಂದೆ ಚಲಿಸುವಾಗಲೂ ರಿವರ್ಸಿನಲ್ಲೂ ಸದ್ದು ಒಡೆದೇ ಇತ್ತು. ಜಾಲರಿಯ ಕೆಳಗಿನ ಅರ್ಧವನ್ನು ಒಣಗಿದ ಎರೆಮಣ್ಣು ಮುಚ್ಚಿತ್ತು, ಅದರೊಳಗೆ ಜೋಳದ ರವದಿಯ ಚೂರುಗಳೂ ಸಿಕ್ಕಿಕೊಂಡಿದ್ದವು. ಪಿನ್ನುಗಳು ಸ್ವಚ್ಛವಾಗಿವೆ. ಮಣ್ಣು ತೆಗೆದ ಮೇಲೆ ಸದ್ದು ಜೋರಾಗಿದೆ, ಆದರೆ ಒಡಕು ಹೋಗಿಲ್ಲ.

ಕುಂದಾನಗರಿ ವೈರಿಂಗ್:

ಹಾಗಿದ್ದರೆ ಪೊರೆಯ ಅಂಚು ಬಿಟ್ಟಿರಬೇಕು. ಅದಕ್ಕೆ ಅಂಟು ಹಚ್ಚುವುದರಲ್ಲಿ ಅರ್ಥವಿಲ್ಲ, ಸ್ಪೀಕರನ್ನೇ ಬದಲಾಯಿಸಬೇಕು. ಜಾಬ್ ಕಾರ್ಡಿನಲ್ಲಿ ‘ಸದ್ದು ಬರುತ್ತಿಲ್ಲ’ ಎಂದು ಬರೆಸಬೇಡಿ. ಮತ್ತೆ ಕಂಪ್ಯೂಟರ್ ಜೋಡಿಸಿ ಕೋಡ್ ಇಲ್ಲ ಎನ್ನುತ್ತಾರೆ. ‘ಮುಂದಕ್ಕೂ ಹಿಂದಕ್ಕೂ ಸದ್ದು ಒಡೆದು ಬರುತ್ತಿದೆ, ಮೆಕ್ಯಾನಿಕ್ ಕಾರಿನ ಹೊರಗೆ ನಿಂತು ಕೇಳಿ ಖಚಿತಪಡಿಸಬೇಕು’ ಎಂದು ಬರೆಸಿ. ಬಂಪರಿನ ಕೆಳಗಿನ ಪ್ಲಾಸ್ಟಿಕ್ ತಟ್ಟೆಯ ಕ್ಲಿಪ್ಪುಗಳು ಉದುರಿದ್ದರೆ ಹೊಸ ಸ್ಪೀಕರಿಗೂ ಇದೇ ಗತಿಯಾಗುತ್ತದೆ, ಅದನ್ನೂ ನೋಡಲು ಹೇಳಿ.

ಗುಮ್ಮಟದೂರು:

ಸ್ಪೀಕರನ್ನು ವಾರಂಟಿಯಲ್ಲಿಯೇ ಬದಲಾಯಿಸಿಕೊಟ್ಟರು. ತಟ್ಟೆಯ ಒಂದು ಬದಿಯ ಕ್ಲಿಪ್ಪುಗಳು ನಿಜವಾಗಿಯೂ ಇರಲಿಲ್ಲ. ಅವುಗಳಿಗೆ ಮಾತ್ರ ಹಣ ಪಡೆದರು. ಸದ್ದು ಈಗ ಮೊದಲಿನಂತೆ ಸ್ಪಷ್ಟವಾಗಿದೆ. ಧನ್ಯವಾದಗಳು.

ನವನಗರ ನಿವಾಸಿ:

ಹಾಗಾದರೆ ನಾನೂ ಇಂಥದೊಂದು ಸ್ಪೀಕರನ್ನು ಕೊಂಡು ಹಾಕಿಸಬಹುದೇ?

ಕುಂದಾನಗರಿ ವೈರಿಂಗ್:

ಸ್ಪೀಕರ್ ಒಂದರಿಂದಲೇ ಆಗದು. ವೇಗವನ್ನು ಓದಿ ಸದ್ದನ್ನು ರೂಪಿಸುವ ಘಟಕ, ಅದರ ವೈರಿಂಗ್, ಕಾರಿನ ಸಾಫ್ಟ್‌ವೇರಿನಲ್ಲಿ ಅದಕ್ಕೆ ಅನುಮತಿ, ಇವೆಲ್ಲವೂ ಬೇಕು. ನಿಮ್ಮ ಮಾದರಿಯ ಮೇಲಿನ ಆವೃತ್ತಿಯಲ್ಲಿ ಈ ವ್ಯವಸ್ಥೆ ಇದ್ದರೆ, ಅದನ್ನು ನಿಮ್ಮ ಕಾರಿಗೆ ಅಳವಡಿಸಿಕೊಡುತ್ತಾರೆಯೇ ಎಂದು ಕಂಪನಿಯಿಂದ ಲಿಖಿತ ಉತ್ತರ ಪಡೆಯಿರಿ. ಅಲ್ಲಿಯವರೆಗೆ ಹೊರಗಿನ ಅಂಗಡಿಯ ಪೆಟ್ಟಿಗೆಗಳಿಗೆ ಹಣ ಹಾಕಬೇಡಿ.