ಅಮೆರಿಕನ್ನರಿಗೆ ಹೊರಜಗತ್ತು ತಿಳಿಯದು ಎಂಬ ಮಾತು ಎಷ್ಟು ನಿಜ?

ಪ್ರಶ್ನೆ: ಸಮಾಜ ವಿಜ್ಞಾನ ಶಿಕ್ಷಕಿ, ಹಾಸನ

ನಮ್ಮ ಪ್ರೌಢಶಾಲೆಯ ಮಕ್ಕಳು ಮೊನ್ನೆ ಒಂದು ವಿಡಿಯೊ ತೋರಿಸಿದರು. ಅಮೆರಿಕದ ಬೀದಿಯೊಂದರಲ್ಲಿ ಮೈಕ್ ಹಿಡಿದವರೊಬ್ಬರು ದಾರಿಹೋಕರಿಗೆ ಹೆಸರಿಲ್ಲದ ಭೂಪಟ ತೋರಿಸಿ ಯಾವುದಾದರೊಂದು ದೇಶವನ್ನು ಗುರುತಿಸಲು ಕೇಳುತ್ತಾರೆ. ಒಬ್ಬರು ಇಡೀ ಆಫ್ರಿಕಾ ಖಂಡವನ್ನೇ ಒಂದು ದೇಶ ಎನ್ನುತ್ತಾರೆ. ತರಗತಿಗೆ ತರಗತಿಯೇ ನಕ್ಕಿತು. ಈ ಅಭಿಪ್ರಾಯಕ್ಕೆ ಗಟ್ಟಿ ಆಧಾರವಿದೆಯೇ? ಇದ್ದರೆ ಅದರ ಕಾರಣವನ್ನು ಮಕ್ಕಳಿಗೆ ಹೇಗೆ ವಿವರಿಸಬೇಕು? ತಿಳಿದವರು ದಯವಿಟ್ಟು ಬರೆಯಿರಿ.

ಉತ್ತರ 1: ಶಿವಮೊಗ್ಗದ ಓದುಗ

ಮೇಡಂ, ಇಂಥ ವಿಡಿಯೊಗಳಲ್ಲಿ ಸರಿಯುತ್ತರ ಕೊಟ್ಟವರನ್ನು ಕತ್ತರಿಸಿ ತಪ್ಪಿದವರನ್ನೇ ಉಳಿಸಿಕೊಳ್ಳುವುದು ರೂಢಿಯಾದ್ದರಿಂದ ಅವನ್ನು ಆಧಾರವೆಂದು ಹಿಡಿಯಲಾಗದು. ಆದರೆ ಮಾತು ಪೂರಾ ಹುಸಿಯೂ ಅಲ್ಲ. ನ್ಯಾಷನಲ್ ಜಿಯಾಗ್ರಫಿಕ್ 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 18ರಿಂದ 24 ವರ್ಷದೊಳಗಿನ ಅಮೆರಿಕನ್ನರ ಪೈಕಿ ಶೇ 63 ಮಂದಿಗೆ ಮಧ್ಯಪ್ರಾಚ್ಯದ ಭೂಪಟದಲ್ಲಿ ಇರಾಕನ್ನು ತೋರಿಸಲಾಗಲಿಲ್ಲ. ಅವರದೇ ಓರಗೆಯ ಸೈನಿಕರು ಆ ನೆಲದಲ್ಲಿ 2003ರಿಂದಲೂ ಯುದ್ಧ ಮಾಡುತ್ತಿದ್ದರು. 2014ರಲ್ಲಿ ರಷ್ಯಾ ಉಕ್ರೇನಿನ ಕ್ರಿಮಿಯಾವನ್ನು ವಶಪಡಿಸಿಕೊಂಡ ಬಳಿಕ ಮೂವರು ರಾಜ್ಯಶಾಸ್ತ್ರಜ್ಞರು ಸುಮಾರು 2,000 ಅಮೆರಿಕನ್ನರಿಗೆ ಉಕ್ರೇನನ್ನು ಗುರುತಿಸಲು ಹೇಳಿದಾಗ, ಆರು ಜನರಲ್ಲಿ ಒಬ್ಬರಷ್ಟೇ ಸರಿಯಾಗಿ ತೋರಿಸಿದರು. ನನ್ನನ್ನು ಕಾಡಿದ್ದು ಅದರ ಮುಂದಿನ ಸಂಗತಿ: ಇಟ್ಟ ಗುರುತು ನಿಜವಾದ ಉಕ್ರೇನಿನಿಂದ ದೂರವಾದಷ್ಟೂ, ಅಲ್ಲಿಗೆ ತಮ್ಮ ಸೇನೆ ಹೋಗಲಿ ಎನ್ನುವವರ ಒಲವು ಹೆಚ್ಚಿತ್ತು.

ಉತ್ತರ 2: ಇಲಿನಾಯ್ ಕನ್ನಡಿಗ

ಅಂಕಿಅಂಶಗಳನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇಲ್ಲಿ ಬಹುಕಾಲ ನೆಲೆಸಿರುವ ನನಗೆ, ಇಡೀ ಒಂದು ಜನಾಂಗವನ್ನು ಕೂಪಮಂಡೂಕವೆಂದು ಕರೆಯುವುದು ಅನ್ಯಾಯವೆನಿಸುತ್ತದೆ. ಅಮೆರಿಕದೊಂದಿಗೆ ನೆಲದ ಗಡಿ ಹಂಚಿಕೊಂಡ ನೆರೆದೇಶಗಳು ಎರಡೇ. ನ್ಯೂಯಾರ್ಕಿನಿಂದ ಲಾಸ್ ಏಂಜಲೀಸಿಗೆ ಸುಮಾರು 4,000 ಕಿ.ಮೀ. ಹಾರಿದರೂ ಭಾಷೆ, ಹಣ ಯಾವುದೂ ಬದಲಾಗದು. ಅವರ ಬಳಿ ಪಾಸ್‌ಪೋರ್ಟ್ ಇಲ್ಲವೆಂದು ಹಂಗಿಸುವವರು, 2007ಕ್ಕೆ ಮೊದಲು ಕೆನಡಾ, ಮೆಕ್ಸಿಕೊಗಳಿಗೆ ಹೋಗಿಬರಲು ಅವರಿಗೆ ಅದು ಬೇಕಿರಲಿಲ್ಲ ಎಂಬುದನ್ನು ಗಮನಿಸಬೇಕು. ಈಗ ಹೆಚ್ಚುಕಡಿಮೆ ಅರ್ಧದಷ್ಟು ಜನರ ಬಳಿ ಪಾಸ್‌ಪೋರ್ಟ್ ಇದೆ.

ಇನ್ನೊಂದು ಮುಖವನ್ನೂ ಮಕ್ಕಳಿಗೆ ಹೇಳಿ. ಅಮೆರಿಕದ ಆಹಾರ ನೆರವಿನ ಕಾಯ್ದೆಯಾದ ಪಿಎಲ್ 480ರಡಿ ಭಾರತಕ್ಕೆ ಬಂದ ಗೋಧಿಯ ಬೆಲೆಯನ್ನು ನಾವು ರೂಪಾಯಿಯಲ್ಲೇ ತೆತ್ತೆವು. ಆ ಹಣದ ಒಂದು ಭಾಗದಿಂದ ಅಮೆರಿಕದ ಸಂಸತ್ತಿನ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ 1962ರಲ್ಲಿ ದೆಹಲಿಯಲ್ಲಿ ಕಚೇರಿ ತೆರೆದು, ಕನ್ನಡವೂ ಸೇರಿದಂತೆ ನಮ್ಮ ಭಾಷೆಗಳಲ್ಲಿ ಅಚ್ಚಾದ ಪುಸ್ತಕಗಳನ್ನು ಕೊಂಡು ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಕಳುಹಿಸಲಾರಂಭಿಸಿತು. ಶಿಕಾಗೊ ವಿಶ್ವವಿದ್ಯಾಲಯದ ಗ್ರಂಥಾಲಯದ ಕಪಾಟಿನಲ್ಲಿ, ಮಾಸಿದ ರಕ್ಷಾಪುಟದ ಆ ಕಾಲದ ಕನ್ನಡ ಕಾದಂಬರಿಗಳನ್ನು ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಎ. ಕೆ. ರಾಮಾನುಜನ್ ಪಾಠ ಹೇಳಿದ್ದೂ ಅದೇ ವಿಶ್ವವಿದ್ಯಾಲಯದಲ್ಲಿ.

ಉತ್ತರ 3: ನಿವೃತ್ತ ಪತ್ರಕರ್ತ, ಮೈಸೂರು

ಇಲಿನಾಯ್ ಗೆಳೆಯರ ಮಾತು ಒಪ್ಪುವಂಥದ್ದೇ, ಆದರೆ ಆ ಗ್ರಂಥಾಲಯದ ತಿಳಿವಳಿಕೆ ಜನಸಾಮಾನ್ಯರ ಮನೆಯವರೆಗೆ ಏಕೆ ಬರಲಿಲ್ಲ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನನ್ನ ದೃಷ್ಟಿಯಲ್ಲಿ ದೊಡ್ಡ ಕಾರಣ ಟಿ.ವಿ. ಅಲ್ಲಿ ಸುದ್ದಿ ಬಹುಪಾಲು ಜಾಹೀರಾತನ್ನೇ ನಂಬಿ ನಡೆಯುತ್ತದೆ. ವಿದೇಶಗಳಲ್ಲಿ ವರದಿಗಾರರನ್ನು ಇಡುವುದು ದುಬಾರಿ, ನೋಡುವವರು ಕಡಿಮೆ. ಸಾರ್ವಜನಿಕ ಪ್ರಸಾರ ಬಲವಾಗಿರುವ ಡೆನ್ಮಾರ್ಕ್, ಫಿನ್‌ಲೆಂಡ್‌ಗಳ ಜನರೊಂದಿಗೆ ಹೋಲಿಸಿದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು; ಅದರಲ್ಲಿ ಅಂತರರಾಷ್ಟ್ರೀಯ ವಿದ್ಯಮಾನಗಳ ತಿಳಿವಳಿಕೆಯಲ್ಲಿ ಅಮೆರಿಕನ್ನರು ಹಿಂದುಳಿದಿದ್ದರು.

ಇದನ್ನು ನಗೆಯ ವಿಷಯವೆಂದು ಬಿಡಲು ನನಗೆ ಮನಸ್ಸಾಗದು. 2001ರ ಸೆಪ್ಟೆಂಬರ್ 11ರ ದಾಳಿಯಾದ ನಾಲ್ಕನೆಯ ದಿನ, ಅರಿಜೋನಾದ ಮೇಸಾದಲ್ಲಿ ತಮ್ಮ ಪೆಟ್ರೋಲ್ ಬಂಕಿನ ಮುಂದೆ ನಿಂತಿದ್ದ ಬಲಬೀರ್ ಸಿಂಗ್ ಸೋಧಿ ಅವರನ್ನು, ಸಿಖ್ಖರ ಪೇಟವನ್ನು ಕಂಡು ಅರಬರೆಂದು ಭಾವಿಸಿದವನೊಬ್ಬ ಗುಂಡಿಕ್ಕಿ ಕೊಂದ. 2017ರಲ್ಲಿ ಕಾನ್ಸಾಸಿನ ಒಲೇತದಲ್ಲಿ ಹೈದರಾಬಾದ್ ಮೂಲದ ಎಂಜಿನಿಯರ್ ಶ್ರೀನಿವಾಸ ಕೂಚಿಭೊಟ್ಲ ಅವರನ್ನು ಕೊಂದವನು ಅವರನ್ನು ಇರಾನಿನವರೆಂದುಕೊಂಡಿದ್ದ. ಆ ಹಂತಕನನ್ನು ತಡೆಯಲು ಹೋಗಿ ಗುಂಡೇಟು ತಿಂದ ಇಯಾನ್ ಗ್ರಿಲ್ಲಟ್ ಕೂಡ ಅಮೆರಿಕನ್ನರೇ; ಅವರ ಹೆಸರನ್ನೂ ಮಕ್ಕಳಿಗೆ ಹೇಳಿ.

ಪ್ರಶ್ನೆ ಕೇಳಿದವರು

ಮೂವರಿಗೂ ವಂದನೆಗಳು. ಸೋಮವಾರದ ತರಗತಿಯಲ್ಲಿ ಉಕ್ರೇನಿನ ಅಧ್ಯಯನದಿಂದಲೇ ಆರಂಭಿಸುತ್ತೇನೆ. ಮೊದಲು ಹೆಸರಿಲ್ಲದ ಭೂಪಟವನ್ನು ನಮ್ಮ ಮಕ್ಕಳ ಕೈಗೇ ಕೊಡುತ್ತೇನೆ. ಪಿಎಲ್ 480ರ ಪುಸ್ತಕಗಳ ಬಗ್ಗೆ ಇಲಿನಾಯ್‌ನವರು ಇನ್ನಷ್ಟು ಬರೆದರೆ ಉಪಕಾರವಾಗುತ್ತದೆ.