ಕೋಚ್‌ಗಳನ್ನು ಕಪ್ ಎಣಿಸಿ ತೂಗಬಹುದೇ?

ಗೋಲ್‌ಕಿಕ್:
ಫುಟ್‌ಬಾಲ್ ಕೋಚ್‌ಗಳಲ್ಲಿ ಯಾರು ದೊಡ್ಡವರು ಅನ್ನುವ ಮಾತು ಎಲ್ಲಿಂದ ಶುರುವಾದರೂ ಕಪ್ ಎಣಿಸುವಲ್ಲಿಗೇ ಬಂದು ನಿಲ್ಲುತ್ತದೆ. ಬಾಬ್ ಪೈಸ್ಲಿ ಲಿವರ್‌ಪೂಲ್‌ನಲ್ಲಿ 9 ಸೀಸನ್‌ಗೆ 6 ಲೀಗ್, 3 ಯುರೋಪಿಯನ್ ಕಪ್ (ಈಗಿನ ಚಾಂಪಿಯನ್ಸ್ ಲೀಗ್) ಗೆದ್ದರು. ಬ್ರಯಾನ್ ಕ್ಲಫ್ ಲೆಕ್ಕದಲ್ಲಿ 2 ಲೀಗ್, 2 ಯುರೋಪಿಯನ್ ಕಪ್. ಅರ್ರಿಗೊ ಸಾಕ್ಕಿ ಮಿಲಾನ್‌ಗೆ ಗೆದ್ದುಕೊಟ್ಟ ಇಟಲಿಯ ಲೀಗ್ ಒಂದೇ ಒಂದು. ಎಣಿಕೆಯೇ ಸಾಕಾಗಿದ್ದರೆ ವಾದ ಇಷ್ಟಕ್ಕೇ ಮುಗಿಯಬೇಕಿತ್ತು, ಮುಗಿದಿಲ್ಲ. ಕಾಲ, ದುಡ್ಡು, ನಿಯಮ ಎಲ್ಲ ಬೇರೆಬೇರೆ ಇರುವಾಗ ಏನನ್ನು ಲೆಕ್ಕಕ್ಕೆ ಹಿಡಿಯಬೇಕು? "ಆಡಿಸುವ ರೀತಿ ಚಂದ" ಅನ್ನುವ ಉತ್ತರ ಬೇಡ. ಅಳತೆಗೆ ಸಿಗುವಂಥದ್ದು ಹೇಳಿ.

ಎಡಬದಿ ಹಾಫ್:
ಮೊದಲು ಪಾಯಿಂಟ್‌ಗಳನ್ನು ಒಂದೇ ನಾಣ್ಯಕ್ಕೆ ತನ್ನಿ. ಗೆಲುವಿಗೆ 3 ಪಾಯಿಂಟ್ ಬಂದದ್ದು ಇಂಗ್ಲೆಂಡ್‌ನಲ್ಲಿ 1981ರಲ್ಲಿ, ಇಟಲಿಯಲ್ಲಿ 1994ರಲ್ಲಿ, ಸ್ಪೇನ್‌ನಲ್ಲಿ 1995ರಲ್ಲಿ. ಅದಕ್ಕೂ ಮುಂಚೆ ಎರಡೇ. ಕ್ಲಫ್ ಅವರ ನಾಟಿಂಗ್‌ಹ್ಯಾಮ್ ಫಾರೆಸ್ಟ್ 1977-78ರಲ್ಲಿ 42 ಪಂದ್ಯ ಆಡಿ 25 ಗೆದ್ದು, 14 ಡ್ರಾ ಮಾಡಿ, 3 ಸೋತಿತು. ಆಗ ಅದು 64 ಪಾಯಿಂಟ್, ಈಗಿನ ಲೆಕ್ಕಕ್ಕೆ 89. ಪಂದ್ಯಕ್ಕೆ 2.12. ವೆಂಗರ್ ಅವರ ಆರ್ಸೆನಲ್ 2003-04ರಲ್ಲಿ ಸೋಲೇ ಇಲ್ಲದೆ 26 ಗೆಲುವು, 12 ಡ್ರಾ, 38 ಪಂದ್ಯಕ್ಕೆ 90 ಪಾಯಿಂಟ್. ಅಂದರೆ 2.37.

ಎಡವುವುದು ಇಲ್ಲೇ. ಗೆಲುವಿಗೆ 2 ಪಾಯಿಂಟ್ ಇದ್ದಾಗ ಡ್ರಾ ಅಂದರೆ ಅರ್ಧ ಗೆಲುವು, ಈಗ ಮೂರನೇ ಒಂದು ಭಾಗ ಮಾತ್ರ. ಎದುರಾಳಿಯ ಮೈದಾನದಲ್ಲಿ ಡ್ರಾಗೇ ಆಡುವುದು ಆ ಕಾಲದ ಜಾಣತನ. ಅದನ್ನು ಇಂದಿನ ಸೂತ್ರಕ್ಕೆ ಹಾಕಿದರೆ ಹಳೆಯ ಕೋಚ್‌ಗೆ ವಿನಾಕಾರಣ ನಷ್ಟ. ಹಾಗಾಗಿ ಒಟ್ಟು ಪಾಯಿಂಟ್‌ಗಿಂತ ಅದೇ ಸೀಸನ್‌ನ ಎರಡನೇ ತಂಡದೊಂದಿಗಿನ ಅಂತರ ನೋಡುವುದು ಮೇಲು. 1977-78ರಲ್ಲಿ ಎರಡನೆಯದಾದ ಲಿವರ್‌ಪೂಲ್ ಎತ್ತಿದ್ದು 57, ಫಾರೆಸ್ಟ್‌ಗೆ ಅಂತರ 7. ಮೂರೂವರೆ ಗೆಲುವಿನಷ್ಟು!

ಆಮೇಲೆ ದುಡ್ಡು. ಆಟಗಾರರ ಖರೀದಿ ಬೆಲೆ ಬೇಡ, ಸಂಬಳದ ಮೊತ್ತ ಹಿಡಿಯಿರಿ. ಬೆಲೆಯಿಲ್ಲದೆ ಬಂದವರೂ ಕ್ಲಬ್‌ನಲ್ಲೇ ಬೆಳೆದವರೂ ಖರೀದಿ ಲೆಕ್ಕದಲ್ಲಿ ಕಾಣುವುದಿಲ್ಲ, ಸಂಬಳದಲ್ಲಿ ಕಾಣುತ್ತಾರೆ. ಲೀಗ್‌ನಲ್ಲಿ ಕ್ಲಬ್‌ನ ಸಂಬಳ ಎಷ್ಟನೇ ಸ್ಥಾನದಲ್ಲಿದೆ, ತಂಡ ಎಷ್ಟನೇ ಸ್ಥಾನದಲ್ಲಿ ಮುಗಿಸಿತು? ಈ ವ್ಯತ್ಯಾಸದ ಸರಾಸರಿಯನ್ನು ಕನಿಷ್ಠ 4-5 ಸೀಸನ್‌ಗೆ ತೆಗೆಯಿರಿ. ಗೆದ್ದ ವರ್ಷದ ಸಂಬಳದಲ್ಲಿ ಬೋನಸ್ ಸೇರಿ ಮೊತ್ತ ಉಬ್ಬಿರುತ್ತದೆ, ಆದ್ದರಿಂದ ಹಿಂದಿನ ವರ್ಷದ ಲೆಕ್ಕಪತ್ರ ಬಳಸಿ.

ಒಂದೇ ಸೀಸನ್ ಏಕೆ ಸಾಲದು ಅನ್ನುವುದಕ್ಕೆ ಲೆಸ್ಟರ್ ನೋಡಿ. 2014-15ರಲ್ಲಿ 41 ಪಾಯಿಂಟ್, 14ನೇ ಸ್ಥಾನ. ಕೋಚ್ ಆಗಿ ರಾನಿಯೇರಿ ಬಂದ ವರ್ಷ 81 ಪಾಯಿಂಟ್, ಚಾಂಪಿಯನ್. 2017ರ ಫೆಬ್ರುವರಿಯಲ್ಲಿ ಅವರೇ ವಜಾ. ತಂಡ 44 ಪಾಯಿಂಟ್‌ಗೆ 12ನೆಯದಾಯಿತು.

ಮೂರನೇ ಡಿಫೆಂಡರ್:
ಸಂಬಳದ ಲೆಕ್ಕ ಎರಡು-ಮೂರು ವರ್ಷ ಇದ್ದು ಹೋಗುವ ಕೋಚ್‌ಗೆ ಸರಿ. ಮ್ಯಾಂಚೆಸ್ಟರ್ ಯುನೈಟೆಡ್‌ನಲ್ಲಿ 27 ಸೀಸನ್ ಇದ್ದ ಫರ್ಗುಸನ್‌ಗೋ 22 ಸೀಸನ್ ಇದ್ದ ವೆಂಗರ್‌ಗೋ ಅದು ಹೊರಗಿನ ಸಂಗತಿಯೇ ಅಲ್ಲ. ಯಾರಿಗೆ ಎಷ್ಟು ಅನ್ನುವುದರಲ್ಲಿ ಅವರ ಮಾತೂ ನಡೆಯುತ್ತಿತ್ತು. ಆರ್ಸೆನಲ್ 2006ರಲ್ಲಿ 38,000 ಆಸನದ ಹಳೆಯ ಮೈದಾನ ಬಿಟ್ಟು 60,000ದ ಹೊಸದಕ್ಕೆ ಹೋಯಿತು. ಆ ಸಾಲ ತೀರಿಸಿದ ವರ್ಷಗಳೂ ಸೇರಿ 1996-97ರಿಂದ 2015-16ರವರೆಗೆ ಸತತ 20 ಸೀಸನ್ ಮೊದಲ ನಾಲ್ಕರಲ್ಲಿ ಉಳಿಯಿತು. ನಡುವೆ 2005ರಿಂದ 2014ರವರೆಗೆ ಒಂದೂ ಕಪ್ ಇಲ್ಲ. ಕಪ್ ಎಣಿಸುವವನಿಗೆ ಅದು ಬರಗಾಲ. ನನ್ನ ಲೆಕ್ಕದಲ್ಲಿ ವೆಂಗರ್ ಅವರ ಅತಿ ಕಷ್ಟದ ಕೆಲಸ ಆ ವರ್ಷಗಳದ್ದೇ.

ಇಲ್ಲಿ ಯಾರೂ ಎತ್ತದ ಪ್ರಶ್ನೆ: ಕೈಗೆ ಬಂದದ್ದು ಏನು, ಬಿಟ್ಟುಹೋದದ್ದು ಏನು? ಪೈಸ್ಲಿಗೆ ಸಿಕ್ಕಿದ್ದು ಹಿಂದಿನ ಕೋಚ್ ಶ್ಯಾಂಕ್ಲಿ ಕಟ್ಟಿದ ಮನೆ. ಪೈಸ್ಲಿ ಬಿಟ್ಟ ಮೊದಲ ವರ್ಷವೇ, 1983-84ರಲ್ಲಿ, ಜೋ ಫೇಗನ್ ಲೀಗ್, ಲೀಗ್ ಕಪ್, ಯುರೋಪಿಯನ್ ಕಪ್ ಮೂರನ್ನೂ ಎತ್ತಿದರು. ಸಾಕ್ಕಿ ನಂತರ ಬಂದ ಕಪೆಲ್ಲೊ ಅವರ ಮಿಲಾನ್ 1991-92ರಲ್ಲಿ 34 ಪಂದ್ಯಗಳಲ್ಲಿ ಒಂದನ್ನೂ ಸೋಲಲಿಲ್ಲ. ಆದರೆ ಬರೇಸಿ, ಮಾಲ್ದಿನಿ, ಕೊಸ್ತಾಕುರ್ತ, ತಸ್ಸೊತ್ತಿ ಅವರ ಹಿಂದಿನ ಸಾಲನ್ನು ಒಂದೇ ದಾರದಲ್ಲಿ ಪೋಣಿಸಿದಂತೆ ಮೇಲೆ ಕೆಳಗೆ ಓಡಲು ಕಲಿಸಿದ್ದು ಸಾಕ್ಕಿ. ಒಂದು ಕಪ್ ಕಪೆಲ್ಲೊ ಖಾತೆಗೆ, ಸಾಕ್ಕಿಗೆ ಸೊನ್ನೆ ಅನ್ನುವ ಲೆಕ್ಕ ಯಾವ ನ್ಯಾಯ?

ಇದಕ್ಕೆ ಹಳೆಯ ಸಾಕ್ಷಿ ಹರ್ಬರ್ಟ್ ಚಾಪ್‌ಮನ್. ಹಡರ್ಸ್‌ಫೀಲ್ಡ್‌ಗೆ 1924, 1925ರ ಲೀಗ್ ಗೆದ್ದುಕೊಟ್ಟು ಹೊರಟರು, 1926ರದ್ದನ್ನು ತಂಡ ಅವರಿಲ್ಲದೆಯೇ ಗೆದ್ದಿತು. ಆರ್ಸೆನಲ್‌ನಲ್ಲಿ 1931, 1933. ಅವರು 1934ರ ಜನವರಿಯಲ್ಲಿ ತೀರಿಕೊಂಡ ಮೇಲೂ 1934, 1935ರ ಲೀಗ್ ಅಲ್ಲಿಗೇ ಬಂತು. 1925ರಲ್ಲಿ ಆಫ್‌ಸೈಡ್ ಆಗದಿರಲು ಮುಂದೆ ಇರಬೇಕಾದ ಎದುರಾಳಿಗಳ ಸಂಖ್ಯೆ ಮೂವರಿಂದ ಇಬ್ಬರಿಗೆ ಇಳಿದಾಗ ಸೆಂಟರ್ ಹಾಫ್ ಆಟಗಾರನನ್ನು ಹಿಂದಕ್ಕೆ ಎಳೆದು ಮೂರನೇ ಡಿಫೆಂಡರ್ ಮಾಡಿದ ಪದ್ಧತಿ ಅವರ ಕೈಯಲ್ಲೇ ಪಳಗಿತು. ನನ್ನ ಹೆಸರೂ ಅಲ್ಲಿಂದಲೇ ಬಂದದ್ದು.

ಅಳೆಯಬೇಕಾದರೆ ಹೀಗೆ ಮಾಡಿ: ಕೋಚ್ ಬಂದ ವರ್ಷ ಮತ್ತು ಬಿಟ್ಟ ವರ್ಷ ತಂಡದ ಸರಾಸರಿ ವಯಸ್ಸು ತೆಗೆಯಿರಿ. ತಲೆ ಎಣಿಸಿ ಅಲ್ಲ, ಪ್ರತಿಯೊಬ್ಬರ ವಯಸ್ಸನ್ನು ಅವರು ಆಡಿದ ನಿಮಿಷಗಳಿಂದ ಗುಣಿಸಿ, ಒಟ್ಟು ನಿಮಿಷಕ್ಕೆ ಭಾಗಿಸಿ. ಬೆಂಚಿನಲ್ಲಿ ಕೂತ ಹುಡುಗರು ಸರಾಸರಿಯನ್ನು ಸುಳ್ಳು ಮಾಡದಿರಲಿ ಎಂದು. ಫರ್ಗುಸನ್ ಅವರ ಕೊನೆಯ ವರ್ಷ 2012-13ರಲ್ಲಿ ಯುನೈಟೆಡ್‌ಗೆ 89 ಪಾಯಿಂಟ್, ಎರಡನೆಯವರಿಗಿಂತ 11 ಮುಂದೆ. ಮರುವರ್ಷ 64, ಏಳನೇ ಸ್ಥಾನ. "ನೋಡಿ ಫರ್ಗುಸನ್ ಮಹಿಮೆ" ಅನ್ನುವವರು ಫರ್ಡಿನಂಡ್‌ಗೆ ಆಗಲೇ 34, ಎವ್ರಾಗೆ 32, ವಿಡಿಚ್‌ಗೆ 31, ಗಿಗ್ಸ್‌ಗೆ 39 ಆಗಿತ್ತು ಅನ್ನುವುದನ್ನೂ ನೋಡಲಿ. ಅದೇ ಬೇಸಿಗೆಯಲ್ಲಿ ಕ್ಲಬ್‌ನ ಮುಖ್ಯ ಕಾರ್ಯನಿರ್ವಾಹಕ ಡೇವಿಡ್ ಗಿಲ್ ಕೂಡ ಹೊರಟರು. ಒಂದೇ ಅಂಕಿಯನ್ನು ಹೊಗಳಿಕೆಗೂ ತೆಗಳಿಕೆಗೂ ಬಳಸಬಹುದು.

ಗೋಲ್‌ಕಿಕ್:
ಲೀಗ್ ಸರಿ. ನಾಕೌಟ್ ಕಪ್‌ಗೆ ಎಷ್ಟು ತೂಕ? ಅಂಚೆಲೊಟ್ಟಿಗೆ ಕೋಚ್ ಆಗಿ 5 ಚಾಂಪಿಯನ್ಸ್ ಲೀಗ್ ಇವೆ.

ಪೆನಾಲ್ಟಿ ಚುಕ್ಕೆ:
ಲೀಗ್‌ಗಿಂತ ಕಡಿಮೆ. ಹಳೆಯ ಮಾದರಿಯಲ್ಲಿ ಗುಂಪಿನ 6, ನಾಕೌಟ್‌ನ 7, ಒಟ್ಟು 13 ಪಂದ್ಯ. ಲೀಗ್‌ನಲ್ಲಿ 38. ಪಂದ್ಯ ಕಡಿಮೆಯಾದಷ್ಟೂ ಅದೃಷ್ಟದ ಪಾಲು ಹೆಚ್ಚು. 2022ರ ಸೆಮಿಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿ ಎದುರು ರಾಡ್ರಿಗೊ 90 ಮತ್ತು 91ನೇ ನಿಮಿಷದಲ್ಲಿ ಗೋಲು ಹೊಡೆಯದಿದ್ದರೆ ಅಂಚೆಲೊಟ್ಟಿಯ ರಿಯಲ್ ಮ್ಯಾಡ್ರಿಡ್ ಮನೆಗೆ. ಫೈನಲ್‌ನಲ್ಲಿ ಕೋರ್ಟ್ವಾ 9 ಹೊಡೆತ ತಡೆದರು, 1-0. ಆದರೆ ಅದೃಷ್ಟ ಒಂದೇ ಕಡೆಗೆ ವಾಲಿತು ಅನ್ನಬೇಡಿ: 2005ರಲ್ಲಿ ಇದೇ ಅಂಚೆಲೊಟ್ಟಿಯ ಮಿಲಾನ್ ಇಸ್ತಾಂಬುಲ್‌ನಲ್ಲಿ 3-0 ಮುಂದಿದ್ದೂ ಪೆನಾಲ್ಟಿಯಲ್ಲಿ ಸೋತಿತು.

ಆದ್ದರಿಂದ ಗೆದ್ದ ಕಪ್‌ಗಳ ಬದಲು ಮುಟ್ಟಿದ ಸೆಮಿಫೈನಲ್‌ಗಳನ್ನು ಎಣಿಸಿ. ಪೆನಾಲ್ಟಿ ಶೂಟೌಟ್‌ಗೆ ಹೋದ ಪಂದ್ಯವನ್ನು ಎರಡೂ ಕಡೆಗೆ ಡ್ರಾ ಎಂದೇ ಬರೆಯಿರಿ. ನಿರೀಕ್ಷಿತ ಗೋಲಿನ ಅಂಕಿ (ಪ್ರತಿ ಹೊಡೆತ ಗೋಲಾಗುವ ಸಾಧ್ಯತೆಯನ್ನು ಕೂಡಿಸಿದ ಲೆಕ್ಕ) ಈಚಿನ ಕೋಚ್‌ಗಳಿಗೆ ಮಾತ್ರ ಸಿಗುತ್ತದೆ. ಅಲ್ಲೂ ಪೆನಾಲ್ಟಿಗಳನ್ನು ತೆಗೆದುಹಾಕಿ, ಒಂದೊಂದಕ್ಕೂ ಮುಕ್ಕಾಲು ಗೋಲಿನಷ್ಟು ಬೆಲೆ ಸೇರಿ ಚಿತ್ರ ಕೆಡುತ್ತದೆ. ಇನ್ನೊಂದು: ನಡುವೆ ಬಂದ ಕೋಚ್‌ನ ಮೊದಲ ಹತ್ತು ಪಂದ್ಯ ಬಿಟ್ಟುಬಿಡಿ. ಹಿಂದಿನವನನ್ನು ತೆಗೆಯುವುದು ತಂಡ ತೀರಾ ಕೆಳಗೆ ಬಿದ್ದಾಗ. ಅಲ್ಲಿಂದ ಯಾರೂ ಏನೂ ಮಾಡದಿದ್ದರೂ ತುಸು ಮೇಲೇರುವುದೇ ಸಹಜ.

ಬೂಟ್‌ರೂಮ್:
ಇಷ್ಟು ಹೊತ್ತು ಕೋಚ್ ಅಂದರೆ ಒಬ್ಬನೇ ಮನುಷ್ಯ ಅಂದುಕೊಂಡೇ ಮಾತಾಡಿದ್ದೀರಿ. ಕ್ಲಫ್ ಗೆದ್ದ ಎರಡೂ ಲೀಗ್, ಎರಡೂ ಯುರೋಪಿಯನ್ ಕಪ್ ಸಹಾಯಕ ಪೀಟರ್ ಟೇಲರ್ ಜೊತೆಗಿದ್ದಾಗಿನವು. ಆಟಗಾರರನ್ನು ಹುಡುಕುವ ಕಣ್ಣು ಟೇಲರ್ ಅವರದು. ಲೀಡ್ಸ್‌ಗೆ 1974ರಲ್ಲಿ ಕ್ಲಫ್ ಒಬ್ಬರೇ ಹೋದರು, 44 ದಿನಕ್ಕೆ ಮುಗಿಯಿತು. 1982ರಲ್ಲಿ ಟೇಲರ್ ಫಾರೆಸ್ಟ್ ಬಿಟ್ಟ ಮೇಲೆ ಕ್ಲಫ್‌ಗೆ 1989, 1990ರ ಲೀಗ್ ಕಪ್ ಸಿಕ್ಕವು, ಲೀಗ್ ಸಿಗಲಿಲ್ಲ. ಟೇಲರ್ ಒಬ್ಬರೇ ಡರ್ಬಿ ಕ್ಲಬ್ ನಡೆಸಿದಾಗಲೂ ಹಳೆಯ ಫಲ ಬರಲಿಲ್ಲ. ಇಬ್ಬರ ಖಾತೆ ಒಟ್ಟಿಗೇ ಬರೆಯಿರಿ, ಬೇರೆ ಮಾಡಿದರೆ ಎರಡೂ ತಪ್ಪಾಗುತ್ತವೆ. ಈಗಂತೂ ಕ್ಲಬ್‌ಗಳಲ್ಲಿ ಖರೀದಿಗೆ ಸ್ಪೋರ್ಟಿಂಗ್ ಡೈರೆಕ್ಟರ್ ಇರುತ್ತಾರೆ. ಯಾರ ಸಹಿಯಿಂದ ಆಟಗಾರ ಬಂದ ಅನ್ನುವುದು ಗೊತ್ತಿಲ್ಲದೆ ಕೋಚ್‌ಗೆ ಅಂಕ ಕೊಡಬೇಡಿ.

ಜೊತೆಗೆ, ಫಾರೆಸ್ಟ್ ಬಡ ಕ್ಲಬ್ ಅನ್ನುವ ಕತೆ ಅರ್ಧ ಮಾತ್ರ ನಿಜ. ಬ್ರಿಟನ್‌ನ ಮೊದಲ ಹತ್ತು ಲಕ್ಷ ಪೌಂಡ್ ಆಟಗಾರ ಟ್ರೆವರ್ ಫ್ರಾನ್ಸಿಸ್ 1979ರಲ್ಲಿ ಸೇರಿದ್ದು ಅಲ್ಲಿಗೇ, ಆ ವರ್ಷ ಮ್ಯೂನಿಕ್‌ನಲ್ಲಿ ನಡೆದ ಯುರೋಪಿಯನ್ ಕಪ್ ಫೈನಲ್‌ನ ಏಕೈಕ ಗೋಲು ಹೊಡೆದದ್ದೂ ಅವರೇ.

ಗೋಲ್‌ಕಿಕ್:
ಹಾಗಾದರೆ ಪೈಸ್ಲಿ ಮೇಲೋ, ಕ್ಲಫ್ ಮೇಲೋ?

ಎಡಬದಿ ಹಾಫ್:
ದೂರ ಅಳೆದರೆ ಕ್ಲಫ್-ಟೇಲರ್. 1977ರಲ್ಲಿ ಎರಡನೇ ಡಿವಿಷನ್‌ನ ಮೂರನೇ ಸ್ಥಾನದಿಂದ ಹತ್ತಿ ಬಂದವರು ಎರಡೇ ವರ್ಷಕ್ಕೆ ಯುರೋಪಿಯನ್ ಕಪ್ ಹಿಡಿದರು. ವರ್ಷವರ್ಷವೂ ಅದೇ ಎತ್ತರದಲ್ಲಿ ನಿಲ್ಲುವುದನ್ನು ಅಳೆದರೆ ಪೈಸ್ಲಿ, ಅಲ್ಲಿ ಹತ್ತಿರಕ್ಕೂ ಯಾರಿಲ್ಲ. ನಿಮ್ಮ ಪಟ್ಟಿಯಲ್ಲಿ ಎರಡಕ್ಕೂ ಬೇರೆ ಬೇರೆ ಕಾಲಂ ಇಡಿ, ಕೂಡಿಸಿ ಒಂದು ಅಂಕಿ ಮಾಡಬೇಡಿ.