ಒಂದೇ ಕ್ರೊಮ್ಯಾಟೋಗ್ರಾಮ್‌ಗೆ ಎರಡು ಸಾಫ್ಟ್‌ವೇರ್‌ಗಳಲ್ಲಿ ಎರಡು ಅರೆಕೋಲಿನ್ ಲೆಕ್ಕ ಬರುವುದೇಕೆ?

ಪ್ರಶ್ನೆ (ಶಿವಮೊಗ್ಗ):
ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಆಲ್ಕಲಾಯ್ಡ್‌ನ ಪ್ರಮಾಣವನ್ನು ನಾವು ಎಚ್‌ಪಿಎಲ್‌ಸಿಯಲ್ಲಿ (ದ್ರಾವಣದ ಘಟಕಗಳನ್ನು ಬೇರ್ಪಡಿಸಿ, ಪ್ರತಿಯೊಂದನ್ನೂ ಕ್ರೊಮ್ಯಾಟೋಗ್ರಾಮ್ ಎಂಬ ಗ್ರಾಫಿನಲ್ಲಿ ಒಂದು ಉಬ್ಬು ಅಥವಾ ಪೀಕ್ ಆಗಿ ತೋರಿಸುವ ಉಪಕರಣ) ಅಳೆಯುತ್ತೇವೆ. ಈಚೆಗೆ ಹೊಸ ಸಾಫ್ಟ್‌ವೇರ್ ಬಂದ ಮೇಲೆ, ಹಳೆಯ ರನ್‌ಗಳನ್ನೇ ಸಿಡಿಎಫ್ (ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಸಾಮಾನ್ಯ ರೂಪದ) ಕಡತಗಳಾಗಿ ಅದಕ್ಕೆ ತುಂಬಿ ತಾಳೆ ನೋಡಿದೆ. ಸಾಗರದ ಚಾಲಿ (ಬೇಯಿಸದೆ ಒಣಗಿಸಿದ) ಅಡಿಕೆಯ ಸಾರಕ್ಕೆ ಹಳೆಯದು ಮಿಲಿಲೀಟರಿಗೆ 86.4 ಮೈಕ್ರೋಗ್ರಾಂ ಎಂದರೆ ಹೊಸದು 87.0 ಎನ್ನುತ್ತದೆ, ಅಷ್ಟು ವ್ಯತ್ಯಾಸಕ್ಕೆ ನಮ್ಮ ತಕರಾರಿಲ್ಲ. ಆದರೆ ತೀರ್ಥಹಳ್ಳಿ ಕಡೆಯ ರಾಶಿ (ಬೇಯಿಸಿ ಒಣಗಿಸಿದ) ಅಡಿಕೆಯಲ್ಲಿ 14.4 ಇದ್ದದ್ದು 12.0ಕ್ಕೆ ಇಳಿದಿದೆ. ಪೀಕ್‌ನ ಏರಿಯಾ, ಅಂದರೆ ವಿಸ್ತೀರ್ಣದ ಅಂಕಿಗಳಂತೂ 1800 ಇದ್ದಲ್ಲಿ 30 ಎಂದು ಬರುತ್ತಿವೆ. ಪೀಕ್‌ನ ಬಾಲ ಉದ್ದವಾಗಿರುವುದರಿಂದ ಇದು ಇಂಟಿಗ್ರೇಶನ್ (ಪೀಕ್‌ನ ಏರಿಯಾ ಅಳೆಯುವ ಹಂತದ) ದೋಷವಿರಬಹುದೇ?

ಉತ್ತರ 1:
1800ನ್ನು 30ರಿಂದ ಭಾಗಿಸಿದರೆ 60. ಅಂದರೆ ಒಂದು ಸೆಕೆಂಡಿನಲ್ಲಿ, ಇನ್ನೊಂದು ನಿಮಿಷದಲ್ಲಿ ಏರಿಯಾ ಹೇಳುತ್ತಿದೆ. ಇಂಥ ಸಾಫ್ಟ್‌ವೇರ್‌ಗಳಲ್ಲಿ ಕೆಮ್‌ಸ್ಟೇಷನ್ ಮಿಲಿ-ಎಯು (ಎಯು ಎಂದರೆ ಬೆಳಕಿನ ಹೀರಿಕೆಯ ಮಾನ) ಸೆಕೆಂಡ್, ಕ್ರೊಮೀಲಿಯಾನ್ ಮಿಲಿ-ಎಯು ನಿಮಿಷ, ಎಂಪವರ್ ಮೈಕ್ರೋವೋಲ್ಟ್ ಸೆಕೆಂಡ್ ಬಳಸುವುದು ವಾಡಿಕೆ. ಸ್ಟ್ಯಾಂಡರ್ಡ್‌ಗಳ (ಹೋಲಿಕೆಗೆ ಬಳಸುವ, ಪ್ರಮಾಣ ಗೊತ್ತಿರುವ ದ್ರಾವಣಗಳ) ಏರಿಯಾವೂ ಅದೇ ಪಟ್ಟು ಬದಲಾಗುವುದರಿಂದ ಅಂತಿಮ ಉತ್ತರಕ್ಕೆ ಇದರಿಂದ ಧಕ್ಕೆಯಿಲ್ಲ. ಬಾಲದ ಬಗೆಗಿನ ಅನುಮಾನ ಮಾತ್ರ ಸಹಜ: ಅರೆಕೋಲಿನ್ ಕ್ಷಾರೀಯವಾದ್ದರಿಂದ ಉಪಕರಣದೊಳಗಿನ ಸಿಲಿಕಾ ಕಾಲಂನ ಸಿಲನಾಲ್‌ಗಳಿಗೆ (ಸಿಲಿಕಾದ ಮೇಲ್ಮೈಯ ಆಮ್ಲೀಯ ಗುಂಪುಗಳಿಗೆ) ಅಂಟಿಕೊಂಡು ನಿಧಾನವಾಗಿ ಹೊರಬರುತ್ತದೆ, ಪೀಕ್ ಎಲ್ಲಿ ಮುಗಿದು ಬೇಸ್‌ಲೈನ್‌ಗೆ (ಗ್ರಾಫಿನ ತಳರೇಖೆಗೆ) ಮರಳಿತೆಂದು ಪ್ರತಿಯೊಂದು ಸಾಫ್ಟ್‌ವೇರ್ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ. ಪ್ರತಿ ಪೀಕ್‌ನ ಅನುಪಾತವೂ 60 ಬರುತ್ತದೆಯೇ ನೋಡಿ.

ಪ್ರಶ್ನೆ ಕೇಳಿದವರು:
ಎಲ್ಲ ಪೀಕ್‌ಗಳಲ್ಲೂ 60 ಬರುತ್ತದೆ. ರಾಶಿ ಮಾದರಿಯ ಏರಿಯಾ 300 ಇದ್ದದ್ದು 5.0 ಆಗಿದೆ. ಹಳೆಯ ಲೆಕ್ಕದಲ್ಲಿ 10, 25, 50, 75, 100ರ ಸ್ಟ್ಯಾಂಡರ್ಡ್‌ಗಳ ಏರಿಯಾ 260, 560, 1060, 1560, 2060.

ಉತ್ತರ 2:
ಹಾಗಾದರೆ ಎರಡೂ ಪೀಕ್‌ಗಳನ್ನು ಒಂದೇ ರೀತಿ ಅಳೆದಿವೆ, ಇಂಟಿಗ್ರೇಶನ್ ನಿರಪರಾಧಿ. ಏರಿಯಾವನ್ನು ಪ್ರಮಾಣಕ್ಕೆ ಬದಲಿಸುವ ಕ್ಯಾಲಿಬ್ರೇಶನ್ ರೇಖೆಯನ್ನು ನೋಡಬೇಕು. ನಿಮ್ಮ ಐದೂ ಬಿಂದುಗಳು ಇಳಿಜಾರು 20, ಇಂಟರ್‌ಸೆಪ್ಟ್ (ಪ್ರಮಾಣ ಸೊನ್ನೆಯಿದ್ದಾಗಿನ ಏರಿಯಾ) 60 ಇರುವ ರೇಖೆಯ ಮೇಲೆ ಕೂರುತ್ತವೆ; ಅದರಂತೆ 300ರಿಂದ 60 ಕಳೆದು 20ರಿಂದ ಭಾಗಿಸಿದರೆ 12.0. ಅದೇ ಬಿಂದುಗಳನ್ನು ಬಲವಂತವಾಗಿ ಸೊನ್ನೆಯ ಮೂಲಕ ಹಾಯಿಸಿದರೆ ಇಳಿಜಾರು 20.83 ಆಗಿ, 300ಕ್ಕೆ 14.4 ಸಿಗುತ್ತದೆ. ಚಾಲಿಯ ಅಂಕಿ ರೇಖೆಯ ಮೇಲ್ತುದಿಯಲ್ಲಿರುವುದರಿಂದ ಅಲ್ಲಿ ಭೇದ ಅಷ್ಟಾಗಿ ಕಾಣುವುದಿಲ್ಲ. ಬೇಯಿಸುವಾಗ ಒಂದು ಪಾಲು ಅರೆಕೋಲಿನ್ ಚೊಗರಿಗೆ (ಬೇಯಿಸಿದ ನೀರಿಗೆ) ಇಳಿದುಹೋಗುವ ರಾಶಿಯಂಥ ಮಾದರಿಯೇ ಪೆಟ್ಟು ತಿನ್ನುವುದು. 10ರ ಸ್ಟ್ಯಾಂಡರ್ಡನ್ನೇ ಅಪರಿಚಿತ ಮಾದರಿಯೆಂದು ಹಳೆಯದಕ್ಕೆ ಕೊಟ್ಟು ನೋಡಿ, 12.5 ಎನ್ನುತ್ತದೆ. ಆರ್-ವರ್ಗದ (ಬಿಂದುಗಳು ರೇಖೆಗೆ ಎಷ್ಟು ಹೊಂದುತ್ತವೆಂಬ ಅಳತೆಯ) ಬೆಲೆ ಚೆನ್ನಾಗಿದೆಯೆಂದು ನಂಬಿ ಕೂತವರಿಗೆ ಇದು ಗೊತ್ತಾಗುವುದೇ ಇಲ್ಲ, ನಾನೂ ಹಾಗೆ ಕೂತವನೇ.

ಆದರೂ 12.0 ಸರಿಯೆಂದು ಈಗಲೇ ಬರೆದುಕೊಳ್ಳಬೇಡಿ. ಇಂಟರ್‌ಸೆಪ್ಟ್‌ನ ಆ 60 ಎಲ್ಲಿಂದ ಬಂತೆಂದು ತಿಳಿಯಲು, ಬರಿಯ ದ್ರಾವಕವನ್ನು ಇಂಜೆಕ್ಟ್ ಮಾಡಿ ಅದೇ ಸಮಯದಲ್ಲಿ ಪೀಕ್ ಇದೆಯೇ ನೋಡಿ.

ಪ್ರಶ್ನೆ ಕೇಳಿದವರು:
ಇದೆ ಸಾರ್, ಏರಿಯಾ 58. ಸ್ಟ್ಯಾಂಡರ್ಡ್‌ಗಳಿಗೂ ಮಾದರಿಗಳಿಗೂ ಒಂದೇ ದ್ರಾವಕ ಬಳಸಿದ್ದೆವು, ಹಾಗಾಗಿ ಆ 60 ದ್ರಾವಕದಿಂದಲೇ ಎರಡಕ್ಕೂ ಸಮನಾಗಿ ಸೇರಿದೆ, ಅದನ್ನು ಕಳೆಯುವುದೇ ಸರಿ. ಹಳೆಯ ಮೆಥಡ್‌ನಲ್ಲಿ ರೇಖೆ ಸೊನ್ನೆಯ ಮೂಲಕ ಹಾಯಬೇಕೆಂಬ ಗುರುತು ಇತ್ತು; ಅದನ್ನು ತೆಗೆದ ಕೂಡಲೇ ಅಲ್ಲಿಯೂ 12.0 ಬಂತು. ಇನ್ನು ರಾಶಿ ಅಡಿಕೆಯ ಹಳೆಯ ವರದಿಗಳನ್ನೆಲ್ಲ ಮತ್ತೆ ಲೆಕ್ಕ ಹಾಕಲು ಕೂರಬೇಕು.